ಮಾವ ಬರುವ ದಾರಿ

ಬೆಳಿಗ್ಗೆ ಮಗಳ ಹಣೆ ಮುಟ್ಟಿದಾಗ ಹಣೆ ಬಿಸಿಯಿತ್ತೋ ಅಥವಾ ತನ್ನ ಕೈಯೇ ತಣ್ಣಗಿತ್ತೋ ಎಂಬುದು ತಾನು ದುಭಾಷಿಯಾಗಿದ್ದ ಕೋರ್ಟಿನ ಮೆಟ್ಟಿಲು ಹತ್ತುವವರೆಗೂ ಸೆಕೇಲಳಿಗೆ ಬಗೆಹರಿದಿರಲಿಲ್ಲ. ಒಲೆ ಮುಂದಿನಿಂದ ಎದ್ದು ಹೋಗಿ ಮುಟ್ಟಿದವಳ ಕೈ ತಣ್ಣಗಿರುವುದು ಹೇಗೆ? ಹಾಗಾದರೆ ಜ್ವರವೇ. ಆದರೆ ಲುಗಾನೊ ಎದ್ದು ಕೂತು ಬಾಳೆಹಣ್ಣು ತಿಂದಳು, ಹಾಲು ಕುಡಿದಳು, ಅಜ್ಜನ ಮನೆಗೆ ಓಡುತ್ತೇನೆಂದು ಹಟ ಮಾಡಿದಳು. ಜ್ವರ ಬಂದ ಮಕ್ಕಳು ಹಾಗೆ ಮಾಡುವುದಿಲ್ಲ. ಬಾಗಿಲಲ್ಲಿ ಬಲೆ ಹೊಲಿಯುತ್ತಿದ್ದ ಗಂಡ ಇಪ್ಯಾನ ತಲೆಯೆತ್ತದೆ, "ಇವತ್ತು ಅಪ್ಪ ಕೋರ್ಟಿಗೆ ಬರ್ತಾರೆ, ಗೊತ್ತಲ್ಲ. ಅವರ ಕೇಸು ಮುಗಿಯೋ ತನಕ ಅಲ್ಲಿನ ಹಿಂದಿನ ಕೋಣೆ ಬಿಟ್ಟು ಈಚೆ ಬರಬೇಡ," ಎಂದ. ಗೊಂಡ್ವೆ ಇದ್ದಾನಲ್ಲ, ಆ ಕೇಸಿಗೆ ಅವನೇ ದುಭಾಷಿ ಎಂದಳು. "ಅದಕ್ಕೇ ಹೇಳಿದ್ದು," ಎಂದು ಅವನು ದಾರವನ್ನು ಹಲ್ಲಿನಿಂದ ಕಡಿದ. ಅದರಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ, ಆದರೂ ಕೋರ್ಟಿದ್ದ ಕರೋಂಗ ಪಟ್ಟಣದವರೆಗೂ ಮಿನಿಬಸ್ಸಿನಲ್ಲಿ ಅವಳ ಮೊಣಕಾಲು ತಾನಾಗಿಯೇ ಅಲುಗುತ್ತಿತ್ತು, ಪಕ್ಕದಲ್ಲಿ ಕೂತಿದ್ದ ಮೀನಿನವಳು, "ಏನಮ್ಮ, ಬಸ್ಸು ನೀನೇ ಓಡಿಸ್ತಿದ್ದೀಯಾ?" ಎಂದು ನಕ್ಕಳು.

ಮದುವೆಯಾಗಿ ಹದಿನಾಲ್ಕು ವರ್ಷ. ಮಾವನ ಮುಖವನ್ನು ಅವಳು ನೋಡಿಲ್ಲ. ಒಂದೇ ಊರು, ನಡುವೆ ಒಂದು ಬಾಳೆತೋಟ, ಅಷ್ಟೇ. ಆದರೆ ಅವರು ಬರುವ ದಾರಿಯಲ್ಲಿ ಅವಳಿರಬಾರದು, ಅವಳು ಕೂತ ಚಾಪೆ ಅವರ ಕಣ್ಣಿಗೆ ಬೀಳಬಾರದು, ಎದುರಾದರೆ ಅವಳು ಪಕ್ಕದ ಹಳ್ಳಕ್ಕೋ ಜೋಳದ ಹೊಲಕ್ಕೋ ಇಳಿದು ಬಟ್ಟೆ ಮುಸುಕೆಳೆದು ಕುಕ್ಕರುಗಾಲಿನಲ್ಲಿ ಕೂರಬೇಕು, ಅವರು ಮುಖ ಆಚೆ ತಿರುಗಿಸಿ ಹೋಗಬೇಕು. ಎಲ್ಲ ಸೊಸೆಯರೂ ಮಾಡುವುದೇ, ತಪ್ಪಿದರೆ ಮಕ್ಕಳಿಗೆ ತಗಲುತ್ತದೆಂಬ ಹೆದರಿಕೆ. ಪಟ್ಟಣದಲ್ಲಿ ಓದಿದವರು ಬಿಟ್ಟಿದ್ದಾರಂತೆ, ಅವಳೂ ಓದಿದವಳೇ, ಆದರೆ ಬಿಡಲು ಧೈರ್ಯ ಬಂದಿರಲಿಲ್ಲ. ಹಾಗೆ ಅಡಗಿ ಅಡಗಿ, ಊರಿನಲ್ಲಿ ಯಾರಿಗಿಂತಲೂ ಚೆನ್ನಾಗಿ ಅವಳಿಗೆ ಮಾವ ಗೊತ್ತು: ಎರಡು ಸಲ ಒಣಗಿ ಮೂರನೆಯ ಸಲ ಕಫ ಬರುವ ಕೆಮ್ಮು, ಸೈಕಲ್ಲಿನ ಹಿಂದಿನ ಚಕ್ರದ ಕಿರುಗು, ಟೈರಿನ ಚಪ್ಪಲಿ ಎಡಗಾಲಲ್ಲಿ ತುಸು ಎಳೆಯುವ ರೀತಿ. ಅತ್ತೆಗೇ ಗೊತ್ತಿಲ್ಲದಾಗ, "ನಿಮ್ಮ ಮಾವ ಎಲ್ಲಿ ಹಾಳಾಗಿ ಹೋದ್ರು?" ಎಂದು ಬಾಳೆಗಿಡದ ಸಂದಿಯಿಂದ ಅವಳನ್ನೇ ಕೇಳುತ್ತಿದ್ದರು. ಮಾತಿನಲ್ಲೂ ಅಷ್ಟೇ. ಅವರ ಹೆಸರಿನ ತುಣುಕು ಇರುವ ಯಾವ ಮಾತೂ ಬಾಯಿಗೆ ಬರಬಾರದು. ಊರಿನ ಮಾತಾದ ಕ್ಯಂಗೊಂಡೆಯಲ್ಲಿ ಅಂಥವು ಎಷ್ಟಿವೆಯೋ! ಮಣೆ ಅನ್ನುವಂತಿಲ್ಲ, ಹಣ್ಣಾಯಿತು ಅನ್ನುವಂತಿಲ್ಲ, ನಾಳೆ ಅನ್ನುವಂತಿಲ್ಲ. ಅವುಗಳ ಬದಲಿಗೆ ಅಮ್ಮನ ಬೆಟ್ಟದ ಕಡೆಯ ಚಿಂದಾಲಿಯಿಂದ ಒಂದು, ಸೊಂಗ್ವೆ ನದಿಯಾಚೆಯ ನ್ಯಕ್ಯೂಸ ಹೆಂಗಸರಿಂದ ಒಂದು, ಹೀಗೆ ಅಕ್ಕಪಕ್ಕದವರಿಂದ ಉಪ್ಪು ಬೆಂಕಿ ಕೇಳಿ ತಂದ ಹಾಗೆ ಮಾತು ತಂದುಕೊಂಡಿದ್ದಳು. ಹದಿನಾಲ್ಕು ವರ್ಷದಿಂದ ಅವಳ ಮನೆಯಲ್ಲಿ ನಾಳೆ ಬರುವುದು ಚಿಂದಾಲಿಯಲ್ಲಿ. ಎರಡನೆಯ ಮಗು ಎಂಟು ತಿಂಗಳಿಗೆ ಜ್ವರದಲ್ಲಿ ಹೋದಾಗ ಅಂಗಳದ ಹೆಂಗಸರು, "ಬಿದಿರು ಬೇಲಿ ಸಂದೀಲಿ ಏನೋ ನೋಡಿದ್ದಾಳೆ ಕಣೇ," ಎಂದು ಇವಳಿಗೆ ಕೇಳುವಂತೆಯೇ ಪಿಸುಗುಟ್ಟಿದ್ದರು. ನೋಡಿದ್ದು ಒಂದು ಕೈ ಮಾತ್ರ, ಮಾವಿನ ಮರದ ಕೆಳಗೆ ಹಲ್ಲು ಚುಚ್ಚಿಕೊಳ್ಳುತ್ತಿದ್ದ ಮುದುಕರ ಕೈ. ಅದನ್ನು ಯಾರಿಗೂ ಹೇಳಿರಲಿಲ್ಲ.

ಕೋರ್ಟಿನಲ್ಲಿ ಅವಳ ಮೇಜಿನ ಮೇಲೆ ಆ ದಿನದ ಕಡತಗಳಿದ್ದವು. ಎರಡನೆಯದು ಮಾವನ ಭತ್ತದ ಕಣಜಕ್ಕೆ ಬೆಂಕಿಯಿಟ್ಟ ಕೇಸು. ಆರೋಪಿ ನಾಕಯೂನಿ, ವಯಸ್ಸು ಅರವತ್ತೋ ಎಪ್ಪತ್ತೋ, ಮಾತು ಚಿಂದಾಲಿ. ಕೊನೆಯ ಸಾಕ್ಷಿಯ ಹೆಸರನ್ನು ಅವಳು ಕಣ್ಣಿನಲ್ಲಿ ದಾಟಿಸಿಕೊಂಡು ಹೋದಳು, ಮನಸ್ಸಿನಲ್ಲೂ ಉಚ್ಚರಿಸಲಿಲ್ಲ. ಅಷ್ಟರಲ್ಲಿ ಜವಾನ ಬಂದು, "ಗೊಂಡ್ವೆ ಬರಲ್ವಂತೆ ಅಮ್ಮ. ಅವರ ಸೋದರತ್ತೆ ತೀರಿಕೊಂಡ್ರಂತೆ, ಬೆಳಿಗ್ಗೇನೇ ರುಂಫಿಗೆ ಹೋದ್ರು. ಎಲ್ಲಾ ನೀವೇ ನೋಡಿಕೊಳ್ಳಬೇಕಂತೆ," ಎಂದ. ಆ ಅತ್ತೆ ಇನ್ನೊಂದು ದಿನ ಬದುಕಿರಬಾರದಿತ್ತೇ ಎಂದುಕೊಂಡಳು ಸೆಕೇಲ, ತಕ್ಷಣ ಅಂಥ ಯೋಚನೆಗೆ ಏನು ಶಿಕ್ಷೆಯೋ ಎಂದು ಲುಗಾನೊಳ ಹಣೆ ನೆನಪಾಯಿತು.

ಮ್ಯಾಜಿಸ್ಟ್ರೇಟರು ದೇಶದ ದಕ್ಷಿಣದ ಕಡೆಯವರು. ಬಂದು ಎರಡು ವರ್ಷವಾಗಿತ್ತು, ಈ ಕಡೆಯ ಮಾತುಗಳೆಲ್ಲ ಅವರ ಕಿವಿಗೆ ಒಂದೇ. ಕ್ಯಂಗೊಂಡೆ, ಚಿಂದಾಲಿ, ಚಿಲಂಬ್ಯ ಎಂದರೆ, "ಒಂದೇ ಗಂಜಿಗೆ ಮೂರು ಹೆಸರು," ಎನ್ನುತ್ತಿದ್ದರು. ಚಹಾ ಕುಡಿಯುತ್ತಿದ್ದವರ ಮುಂದೆ ನಿಂತು ಸೆಕೇಲ, "ಸ್ವಾಮಿ, ಎರಡನೆಯ ಕೇಸಿನ ಸಾಕ್ಷಿ ನನಗೆ ಸಂಬಂಧ," ಎಂದಳು. ಅವರು ನಕ್ಕರು. "ಈ ಉತ್ತರದಲ್ಲಿ ಯಾರಿಗೆ ಯಾರು ಸಂಬಂಧವಿಲ್ಲ? ಇಲ್ಲಿ ಇಬ್ಬರು ಹೊಡೆದಾಡಿದರೆ ಮೂರನೆಯವನು ಇಬ್ಬರಿಗೂ ಭಾವಮೈದುನ. ಏನಾಗಬೇಕು ನಿನಗೆ?" ಹೇಳಬೇಕಾದ ಮಾತು ಒಂದೇ, ಗಂಡನ ತಂದೆ. ಅದನ್ನು ಹೇಳಿದರೆ ಮುಂದಿನ ಪ್ರಶ್ನೆ ಬರುತ್ತಿತ್ತು, ಅದಕ್ಕೆ ಉತ್ತರವಾಗಿ ಹಳ್ಳ, ಮುಸುಕು, ಬಾಳೆತೋಟ ಎಲ್ಲವನ್ನೂ ಈ ಚಹಾ ಬಟ್ಟಲಿನ ಮುಂದೆ ಇಂಗ್ಲಿಷಿನಲ್ಲಿ ಸುರಿಯಬೇಕಿತ್ತು. "ಗಂಡನ ಕಡೆಯವರು," ಎಂದಳು. "ಹಾಗಾದರೆ ಪರವಾಗಿಲ್ಲ. ಈ ಕೇಸು ಮೂರು ಸಲ ಮುಂದೆ ಹೋಗಿದೆ, ಮುದುಕಿ ನಾಲ್ಕು ತಿಂಗಳಿಂದ ಒಳಗಿದ್ದಾಳೆ. ನಿನ್ನ ಕೆಲಸ ಮಾತು ದಾಟಿಸುವುದು. ನೀನು ಅಲ್ಲಿ ಇರುವುದೇ ಇಲ್ಲ." ಕೆಲಸಕ್ಕೆ ಸೇರಿದ ದಿನವೂ ಹಿಂದಿನ ಸಾಹೇಬರು ಇದನ್ನೇ ಹೇಳಿದ್ದರು. ಸಾಕ್ಷಿ ನಾನು ಅಂದರೆ ನೀನೂ ನಾನು ಅನ್ನು, ಅವನು ಹೀಗೆ ಹೇಳುತ್ತಾನೆ ಅನ್ನಬೇಡ, ನೀನು ಇಲ್ಲಿ ಇಲ್ಲ. ಆಗ ಅವಳಿಗೆ ಅದೇನೂ ಕಷ್ಟವೆನಿಸಿರಲಿಲ್ಲ. ಇಲ್ಲದೆ ಇರುವುದು ಮನೆಯಲ್ಲಿ ಚೆನ್ನಾಗಿ ರೂಢಿಯಾಗಿತ್ತು. ಹನ್ನೊಂದು ವರ್ಷದಿಂದ ಅವಳು ಕೋರ್ಟಿನಲ್ಲಿ ನಾನು ಕದ್ದೆ, ನಾನು ಹೆಂಡತಿಗೆ ಹೊಡೆದೆ, ನಾನು ಕುಡಿದಿದ್ದೆ ಎಂದು ದಿನಕ್ಕೆ ಹತ್ತು ಸಲ ಹೇಳಿ, ಸಂಜೆ ಮೀನು ಕೊಂಡು ಮನೆಗೆ ಹೋಗುತ್ತಿದ್ದಳು.

ನಾಕಯೂನಿಯನ್ನು ಕಟಕಟೆಗೆ ತಂದಾಗ ಮುದುಕಿ ಮೊದಲು ಮಾಡಿದ್ದು ಕಂಬಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದ್ದು. ಸೆಕೇಲ ಆರೋಪವನ್ನು ದಾಟಿಸಿದ್ದೇ, "ಯಾರ ಮಗಳಮ್ಮಾ ನೀನು? ನಿನ್ನ ಮಾತಲ್ಲಿ ನಮ್ಮ ಬೆಟ್ಟದ ಗಾಳಿ ಇದೆ," ಎಂದು ಚಿಂದಾಲಿಯಲ್ಲಿ ಕೇಳಿದಳು. ದುಭಾಷಿ ಸ್ವಂತ ಮಾತಾಡುವಂತಿಲ್ಲ. ಈ ಮುದುಕಿಯನ್ನು ಸೆಕೇಲ ಬಲ್ಲಳು, ದೂರದಿಂದ. ಮಾವನ ಗದ್ದೆಯ ಅಂಚಿನಲ್ಲಿ, ನದಿ ಸರಿದು ಬಿಟ್ಟುಹೋದ ತುಂಡು ನೆಲದಲ್ಲಿ ಸೊಪ್ಪು ಬೆಳೆಯುತ್ತಿದ್ದವಳು. ಆ ನೆಲ ತಮ್ಮದೆಂದು ಮಾವ ಹೇಳುತ್ತಿದ್ದರು, ನದಿಯದೆಂದು ಮುದುಕಿ ಹೇಳುತ್ತಿದ್ದಳು. ಬೆಂಕಿ ಬಿದ್ದದ್ದು ಒಂದು ಶನಿವಾರ. ಆ ಶನಿವಾರ ಸೆಕೇಲ ಸಮುದ್ರದಂಥ ಸರೋವರದ ದಂಡೆಯ ರಸ್ತೆಯಲ್ಲಿ ತಲೆಯ ಮೇಲೆ ಸೌದೆ ಹೊತ್ತು ಬರುತ್ತಿದ್ದಳು. ಮನೆ ಇನ್ನೂ ಅರ್ಧ ಗಂಟೆಯ ದಾರಿ. ಎದುರಿನ ತಿರುವಿನಾಚೆ ಕೆಮ್ಮು ಕೇಳಿತು. ಎರಡು ಒಣ, ಒಂದು ಕಫ. ಸೌದೆಯನ್ನು ಬಿಸಾಕಿ ಚರಂಡಿಗಿಳಿದಳು, ಕೆಸರಿನಲ್ಲಿ ಕಣಕಾಲು ಮುಳುಗಿತು, ಮುಸುಕೆಳೆದು ಕೂತಳು. ಸೈಕಲ್ಲು ಕಿರುಗುಟ್ಟುತ್ತ ಬಂತು. ಮುಸುಕಿನ ಕೆಳಗಿನ ಸಂದಿಯಲ್ಲಿ ಚಕ್ರ ಕಂಡಿತು, ಟೈರಿನ ಚಪ್ಪಲಿ ಕಂಡಿತು, ಎಡಗಾಲಿನ ಹೆಬ್ಬೆರಳಿಗೆ ಸುತ್ತಿದ ಕೊಳಕು ಬಟ್ಟೆ ಕಂಡಿತು. ಸರಿಯಾಗಿ ಆಗಲೇ ಊರ ಕಡೆಯ ಹಿಟ್ಟಿನ ಗಿರಣಿಯ ಸದ್ದು ನಿಂತಿತು, ಶನಿವಾರ ನಾಲ್ಕಕ್ಕೆ ನಿಲ್ಲುತ್ತದೆ. ಅವರು ದಾಟಿ ಹೋದ ಮೇಲೂ ಅವಳು ಏಳಲಿಲ್ಲ, ಕೆಮ್ಮು ಮೀನಿನ ದಂಡೆಯ ಕಡೆ ಕರಗುವವರೆಗೆ ಕೂತಳು. ಎದ್ದು ನೋಡಿದರೆ ಊರಿನ ಮೇಲೆ ಹೊಗೆ.

ಮಾರನೆಯ ಬೆಳಿಗ್ಗೆ ಊರೆಲ್ಲ ಒಂದೇ ಮಾತು, ಬೆಂಕಿ ಇಟ್ಟವಳನ್ನು ಮುದುಕರು ಕಣ್ಣಾರೆ ಕಂಡಿದ್ದಾರೆ ಎಂದು. ಸೆಕೇಲ ಗಂಡನಿಗೆ, "ಆ ಹೊತ್ತಿಗೆ ಅವರು ದಾರೀಲಿದ್ರು," ಎಂದಳು. ಇಪ್ಯಾನ ಮೃದುವಾಗಿಯೇ ಹೇಳಿದ, ಅದೇ ಅವಳನ್ನು ಹೆದರಿಸಿದ್ದು. "ನೀನು ನೋಡಿಲ್ಲ. ಸೊಸೆ ಮಾವನನ್ನ ನೋಡೋ ಹಾಗಿಲ್ಲ. ನೋಡದೆ ಇರೋದನ್ನ ಹೇಗೆ ಹೇಳ್ತೀಯ? ಹೇಳಿದ್ರೆ ನೋಡಿದೀನಿ ಅಂತಾಗುತ್ತೆ. ಇರೋದು ಒಂದೇ ಮಗು ನಮಗೆ."

ಮಾವ ಒಳಗೆ ಬಂದದ್ದು ಅವಳಿಗೆ ಹೆಜ್ಜೆಯಲ್ಲೇ ತಿಳಿಯಿತು. ತಕ್ಷಣ ಸಾಕ್ಷಿಕಟ್ಟೆಗೆ ಬೆನ್ನು ಮಾಡಿ, ಹೆಗಲ ಮೇಲಿದ್ದ ಬಟ್ಟೆಯನ್ನು ತಲೆಗೆಳೆದುಕೊಂಡು, ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡಿ ನಿಂತಳು. ಹಿಂದೆ ಹೆಜ್ಜೆ ನಿಂತುಹೋಯಿತು. ಅವರಿಗೂ ತಿಳಿಯಿತು. ಬೆಂಚಿನ ಮೇಲೆ ಕೂತಿದ್ದ ಹೆಂಗಸರಲ್ಲಿ ಒಬ್ಬಳು, "ಅಯ್ಯೋ, ಮಾವ ಸೊಸೆ ಕಣ್ರೇ!" ಎಂದು ಬಾಯಿಗೆ ಕೈಯಿಟ್ಟುಕೊಂಡಳು, ಇನ್ನೊಬ್ಬಳು ಕಿಸಕ್ಕನೆ ನಕ್ಕಳು. ಸರ್ಕಾರಿ ಕಡೆಯ ಪೊಲೀಸಿನವನು, "ಏನಮ್ಮ, ತಲೆ ನೋವಾ? ಗೋಡೆಗೆ ಸಾಕ್ಷಿ ಕೇಳ್ತೀಯಾ?" ಎಂದ. ಮುದುಕರು ಕಿಟಕಿಯ ಕಡೆ ತಿರುಗಿ ಕಿಟಕಿಗೇ ಪ್ರಮಾಣ ಮಾಡಿದರು. ಹೆಸರು ಹೇಳಬೇಕಾದಾಗ ಕಡತವನ್ನೆತ್ತಿ ಪೊಲೀಸಿನವನ ಮುಂದೆ ಹಿಡಿದು ಬೆರಳಿಟ್ಟು ತೋರಿಸಿದಳು. ಅವನು ಸಂತೆಯಲ್ಲಿ ತರಕಾರಿಯ ಹೆಸರು ಕೂಗುವವನ ಹಾಗೆ ಓದಿದ. ಆ ಸದ್ದು ಕೊಠಡಿಯಲ್ಲಿ ಬಿದ್ದು ಒಡೆಯದೆ ಉಳಿದದ್ದು ಅವಳಿಗೆ ಆಶ್ಚರ್ಯವಾಯಿತು. ಮ್ಯಾಜಿಸ್ಟ್ರೇಟರು, "ಇನ್ನು ಮುಂದಿನದನ್ನಾದರೂ ನೀನೇ ಹೇಳುತ್ತೀಯಾ, ಅಥವಾ ನಾನು ಕೆಳಗಿಳಿದು ಬರಲಾ?" ಎಂದರು. ಎಲ್ಲರೂ ನಕ್ಕರು.

ಅವರು ಮಾತಾಡಿದರು. ಇಷ್ಟು ಹತ್ತಿರದಿಂದ ಅವರ ದನಿಯನ್ನು ಅವಳು ಕೇಳಿದ್ದೇ ಇಲ್ಲ. ದೂರದಿಂದ ಗಡಸಾಗಿ ಕೇಳುತ್ತಿದ್ದದ್ದು ಹತ್ತಿರದಲ್ಲಿ ತೆಳುವಾಗಿತ್ತು, ನಡುವೆ ಉಸಿರು ಸಾಲುತ್ತಿರಲಿಲ್ಲ. "ಗಿರಣಿ ಆಗಷ್ಟೇ ನಿಂತಿತ್ತು. ನಾನು ನಮ್ಮ ಮಾವಿನ ಮರದ ಕೆಳಗೆ ಕೂತಿದ್ದೆ," ಎಂದರು. ಸೆಕೇಲ ಇಂಗ್ಲಿಷಿನಲ್ಲಿ, "ಗಿರಣಿ ಆಗಷ್ಟೇ ನಿಂತಿತ್ತು. ನಾನು ನಮ್ಮ ಮಾವಿನ ಮರದ ಕೆಳಗೆ ಕೂತಿದ್ದೆ," ಎಂದಳು. ನಾನು ಎಂದಾಗ ಅವಳ ಬೆನ್ನ ಮೇಲೆ ಬೆವರಿನ ಒಂದು ಗೆರೆ ಇಳಿಯಿತು. ಗಿರಣಿ ನಿಂತಾಗ ನಾನು ಕೂತದ್ದು ಕೆಸರಿನಲ್ಲಿ. "ಈ ಹೆಂಗಸು ಕಣಜದ ಹಿಂದಿನಿಂದ ಕೊಳ್ಳಿ ಹಿಡಕೊಂಡು ಬಂದದ್ದನ್ನ ನನ್ನ ಕಣ್ಣಾರೆ ನೋಡಿದೆ." ಅದನ್ನೂ ಹೇಳಿದಳು. ಅವರ ಸುಳ್ಳು ಅವಳ ಬಾಯಲ್ಲಿ ಎಷ್ಟು ಚೆನ್ನಾಗಿ ಕೂತಿತು ಎಂದರೆ ಮ್ಯಾಜಿಸ್ಟ್ರೇಟರು ತಲೆಯಾಡಿಸಿ ಬರೆದುಕೊಂಡರು. ಆಮೇಲೆ ಅದನ್ನೇ ನಾಕಯೂನಿಗೆ ಚಿಂದಾಲಿಯಲ್ಲಿ ಹೇಳಬೇಕಾಯಿತು. ಅಮ್ಮ ಜೋಗುಳ ಹಾಡಿದ ಮಾತಿನಲ್ಲಿ, ನಾನು ನಿನ್ನನ್ನು ಕಣ್ಣಾರೆ ನೋಡಿದೆ ಎಂದು ಆ ಮುದುಕಿಯ ಮುಖಕ್ಕೆ ಹೇಳಿದಳು. ಮುದುಕಿ ಅವಳನ್ನೇ ದಿಟ್ಟಿಸಿ, "ನೀನು ನೋಡಿದ್ಯಾ ತಾಯಿ?" ಎಂದಳು, ದುಭಾಷಿಗಳ ರೀತಿ ಗೊತ್ತಿಲ್ಲದವಳು. "ಅವರು," ಎಂದಳು ಸೆಕೇಲ ಪಿಸುದನಿಯಲ್ಲಿ, "ಅವರು ಹೇಳ್ತಿರೋದು." ಹನ್ನೊಂದು ವರ್ಷದಲ್ಲಿ ಅವಳು ಮೊದಲ ಬಾರಿ ನಿಯಮ ಮುರಿದಿದ್ದಳು. ಯಾರೂ ಗಮನಿಸಲಿಲ್ಲ.

ವಕೀಲರಿಲ್ಲದವಳಾದ್ದರಿಂದ ಮುದುಕಿಯೇ ಪ್ರಶ್ನೆ ಕೇಳಬೇಕಿತ್ತು. ಕಂಬಿಯನ್ನು ಮತ್ತೊಮ್ಮೆ ಒರೆಸಿದಳು. "ಶನಿವಾರ ನೀವು ಮೀನಿಗೆ ದಂಡೆ ಕಡೆ ಹೋಗೋರಲ್ಲವಾ ಯಜಮಾನ್ರೇ? ಒಂದು ಶನಿವಾರಾನೂ ತಪ್ಪಿಸಿದ್ದು ನಾನು ಕಾಣೆ. ಆ ದಿನ ಹೋಗಲಿಲ್ವಾ? ದಾರೀಲಿ ಯಾರೂ ನಿಮ್ಮನ್ನ ನೋಡಲಿಲ್ವಾ?" ಈ ಪ್ರಶ್ನೆಯನ್ನು ಮಾವನಿಗೆ ಕ್ಯಂಗೊಂಡೆಯಲ್ಲಿ ಮುಟ್ಟಿಸಿದವಳು ಸೆಕೇಲ, ಕ್ಯಾಲೆಂಡರಿನ ತಾರೀಕುಗಳನ್ನು ನೋಡುತ್ತ. ಹಿಂದಿನಿಂದ ಆ ಕೆಮ್ಮು: ಎರಡು ಒಣ, ಒಂದು ಕಫ. ಮೈಯೆಲ್ಲ ಅಭ್ಯಾಸದಿಂದ ಚರಂಡಿಗಾಗಿ ತಡಕಾಡಿತು, ಮೊಣಕಾಲು ತಾನಾಗಿ ಬಾಗಲು ಹೋಯಿತು, ಅವಳು ಮೇಜಿನ ಅಂಚು ಹಿಡಿದುಕೊಂಡಳು. "ಹೋಗಿರಲಿಲ್ಲ," ಎಂದರು ಮಾವ. "ನನ್ನನ್ನ ಯಾರೂ ನೋಡಿಲ್ಲ." ಅವರಿಗೆ ಅದು ಸುಳ್ಳೆಂದು ಅನಿಸಿರಲಿಕ್ಕಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಚರಂಡಿಯಲ್ಲಿ ಒಂದು ಬಟ್ಟೆಯ ಗಂಟು ಕಂಡಿರಬೇಕು, ಅವರು ರೂಢಿಯಂತೆ ಮುಖ ತಿರುಗಿಸಿರಬೇಕು, ಅಷ್ಟೇ. ಸೊಸೆ ಯಾರೂ ಅಲ್ಲ.

"ಹೋಗಿರಲಿಲ್ಲ. ನನ್ನನ್ನು ಯಾರೂ ನೋಡಿಲ್ಲ," ಎಂದಳು ಇಂಗ್ಲಿಷಿನಲ್ಲಿ. ಪೆನ್ನು ಆಡುವ ಸದ್ದಾಯಿತು. ಲುಗಾನೊಳ ಹಣೆ ಬಿಸಿಯೇ ಇತ್ತು ಎಂದು ಈಗ ಖಾತ್ರಿಯಾಯಿತು. ಸುಮ್ಮನಿದ್ದರೆ ಸಾಕು, ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಹಿಂದಿನ ಕೋಣೆಗೆ ಹೋಗಿ ನೀರು ಕುಡಿಯಬಹುದು, ಮುದುಕಿಯನ್ನು ಬೇರೆ ಯಾರೋ ಕರೆದೊಯ್ಯುತ್ತಾರೆ. ಅವಳಿಗೆ ಏಳು ವರ್ಷವೋ ಹತ್ತು ವರ್ಷವೋ ಜೈಲು, ಅಲ್ಲೇ ಸಾಯುತ್ತಾಳೆ. ಆ ಮುದುಕಿ ಮೂರನೆಯ ಸಲ ಕಂಬಿ ಒರೆಸುತ್ತಿದ್ದಳು. "ನಾನು ನೋಡಿದೆ," ಎಂದಿತು ಸೆಕೇಲಳ ಬಾಯಿ.

ಮ್ಯಾಜಿಸ್ಟ್ರೇಟರು ತಲೆಯೆತ್ತಿದರು. "ಯಾರನ್ನು ನೋಡಿದ? ಸಾಕ್ಷಿ ಸರಿಯಾಗಿ ಹೇಳಲಿ."

"ಸಾಕ್ಷಿ ಅಲ್ಲ ಸ್ವಾಮಿ. ನಾನು. ದುಭಾಷಿ." ಮೇಜಿನ ಅಂಚನ್ನು ಅವಳು ಇನ್ನೂ ಬಿಟ್ಟಿರಲಿಲ್ಲ. "ಇವರು ನನ್ನ ಗಂಡನ ತಂದೆ. ಗಿರಣಿ ನಿಂತಾಗ ಇವರು ದಂಡೆಯ ರಸ್ತೆಯಲ್ಲಿದ್ದರು. ನಾನು ಚರಂಡಿಯಲ್ಲಿ ಕೂತಿದ್ದೆ."

"ಚರಂಡಿಯಲ್ಲಿ? ಮುಖ ನೋಡಿದೆಯಾ?"

"ಇಲ್ಲ ಸ್ವಾಮಿ. ಮುಖವನ್ನು ಯಾವತ್ತೂ ನೋಡಿಲ್ಲ. ಚಪ್ಪಲಿ ನೋಡಿದೆ, ಸೈಕಲ್ ನೋಡಿದೆ, ಕೆಮ್ಮು ಕೇಳಿದೆ. ಹದಿನಾಲ್ಕು ವರ್ಷದಿಂದ ಅದೊಂದನ್ನೇ ಕೇಳಿಸಿಕೊಳ್ಳುತ್ತ ಬಂದಿದ್ದೇನೆ, ತಪ್ಪುವುದಿಲ್ಲ."

ಈ ಸಲ ಯಾರೂ ನಗಲಿಲ್ಲ, ಮ್ಯಾಜಿಸ್ಟ್ರೇಟರೂ. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಬೇರೆ ದುಭಾಷಿ ಬೇಕು. ನಾಳೆ ಒಂಬತ್ತಕ್ಕೆ ಮುಂದೂಡಿದ್ದೇನೆ. ನಾಳೆ ನೀನು ಸಾಕ್ಷಿ. ಈಗ ನಡೆದದ್ದನ್ನು ಇಬ್ಬರಿಗೂ ಅವರವರ ಮಾತಿನಲ್ಲಿ ಹೇಳು, ಬೇರೆ ಯಾರೂ ಇಲ್ಲ." ಮುದುಕಿಗೆ ಚಿಂದಾಲಿಯಲ್ಲಿ ಹೇಳಿದಳು, ಅದು ಸುಲಭವಾಗಿತ್ತು. ಮುದುಕಿ ಏನೂ ಅನ್ನದೆ ಕಂಬಿಯ ಮೇಲೆ ಹಣೆಯಿಟ್ಟಳು. ಆಮೇಲೆ ಗೋಡೆಗೆ ಮುಖ ಮಾಡಿ, ಬೆನ್ನ ಹಿಂದಿನವರಿಗೆ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ತನ್ನದೇ ಮಾತಾಡಿದಳು. "ದಂಡೆ ರಸ್ತೇಲಿ ನಿಮ್ಮನ್ನ ನಾನು ನೋಡಿದೀನಿ. ಅದನ್ನ ಹೇಳಿದೀನಿ. ನಾಳೆ ಬರಬೇಕಂತೆ." ನಾಳೆ ಎಂಬುದನ್ನು ಅವಳು ಕ್ಯಂಗೊಂಡೆಯಲ್ಲೇ ಅಂದಿದ್ದಳು. ಬೇರೆ ಮಾತು ಹುಡುಕಲು ನೆನಪಾಗಲಿಲ್ಲ. ಬೆಂಚಿನ ಹೆಂಗಸು "ಹಾ!" ಎಂದು ಉಸಿರೆಳೆದುಕೊಂಡದ್ದರಿಂದಲೇ ಅವಳಿಗೆ ತಿಳಿದದ್ದು.

ಮಧ್ಯಾಹ್ನಕ್ಕೇ ರಜೆ ಕೇಳಿ ಹೊರಟಳು. ಮಿನಿಬಸ್ಸು ಕೂಡುರಸ್ತೆಯವರೆಗೆ ಮಾತ್ರ, ಅಲ್ಲಿಂದ ನಡಿಗೆ. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಊರಿಗೆ ಸುದ್ದಿ ಮುಟ್ಟಿರುತ್ತದೆ, ಫೋನುಗಳಿವೆ. ಇಪ್ಯಾನ ಬಲೆ ಬದಿಗಿಟ್ಟು ಕೂತಿರುತ್ತಾನೆ. ಅವನು ಹೊಡೆಯುವವನಲ್ಲ, ಮೃದುವಾಗಿ ಏನೋ ಹೇಳುತ್ತಾನೆ. ಅತ್ತೆ ಮಗುವನ್ನು ತಮ್ಮ ಕಡೆ ಕರೆದುಕೊಂಡಿರಬಹುದು. ಮಗುವಿಗೆ ಜ್ವರ ಏರಿದ್ದರೆ ಅದರ ಹೆಸರು ಇನ್ನು ಮೇಲೆ ಜ್ವರವಲ್ಲ, ಸೆಕೇಲ. ಬೇಗ ಹೋಗಬೇಕು ಅನಿಸಿತು, ಹೋಗದೆ ಇದ್ದುಬಿಡೋಣ ಎಂದೂ ಅನಿಸಿತು. ಹಾಗೆ ಕಾಲೆಳೆಯುತ್ತಿದ್ದಾಗ ಹಿಂದಿನಿಂದ ಚಕ್ರದ ಕಿರುಗು ಕೇಳಿತು.

ಎರಡು ಒಣ, ಒಂದು ಕಫ. ಅವಳ ಕಾಲು ಆಗಲೇ ಚರಂಡಿಯ ಅಂಚಿಗೆ ಹೋಗಿತ್ತು. ಕೈ ಮುಸುಕಿಗೆ ಹೋಗಿತ್ತು. ಇಳಿದುಬಿಟ್ಟರೆ ಏನೂ ನಡೆದೇ ಇಲ್ಲವೆಂಬಂತೆ ಅವರು ದಾಟಿ ಹೋಗಬಹುದು, ಅವಳು ಬಟ್ಟೆಯ ಗಂಟಾಗಿ ಉಳಿಯಬಹುದು. ಕೆಳಗೆ ಕೆಸರು ಒಣಗಿ ಬಿರಿದಿತ್ತು. ಅವಳು ಇಳಿಯಲಿಲ್ಲ. ಧೈರ್ಯದಿಂದಲ್ಲ, ಮೊಣಕಾಲು ಬಾಗಲೇ ಇಲ್ಲ, ಹೆದರಿಕೆಯಲ್ಲಿ ಕಾಲು ಕಟ್ಟಿಗೆಯಾಗಿತ್ತು. ಕಣ್ಣು ಮುಚ್ಚಿ ರಸ್ತೆಯ ನಡುವೆ ನಿಂತಳು. ಕಿರುಗು ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ನಿಂತಿತು. ಸೈಕಲ್ಲನ್ನು ನೆಲಕ್ಕೆ ಮಲಗಿಸಿದ ಸದ್ದು. ಚಪ್ಪಲಿ ಎಳೆದ ಸದ್ದು. ಈಗ ಹೊಡೆಯುತ್ತಾರೆ ಎಂದುಕೊಂಡಳು. ಶಪಿಸುತ್ತಾರೆ ಎಂದುಕೊಂಡಳು. ಮಗುವಿನ ಹೆಸರು ಹಿಡಿದು ಶಪಿಸುತ್ತಾರೆ. ಒಣ ಮಣ್ಣು ಜರಿದು ಬಿದ್ದ ಸದ್ದಾಯಿತು, ಆಮೇಲೆ ಏನೂ ಇಲ್ಲ.

ಕಣ್ಣು ತೆರೆದಳು. ಸೈಕಲ್ಲು ರಸ್ತೆಯಲ್ಲಿ ಬಿದ್ದಿತ್ತು, ಹಿಂದಿನ ಚಕ್ರ ಇನ್ನೂ ತಿರುಗುತ್ತಿತ್ತು. ಮಾವ ಚರಂಡಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು, ಅವಳಿಗೆ ಬೆನ್ನು ಮಾಡಿ, ಟೋಪಿಯನ್ನು ಎರಡೂ ಕೈಯಿಂದ ಮುಖಕ್ಕೆ ಒತ್ತಿಕೊಂಡು. ಕತ್ತು ಒಣಗಿದ ಕಡ್ಡಿ. ಟೋಪಿಯ ಬದಿಗೆ ಒಂದು ಕಿವಿ ಚಾಚಿಕೊಂಡಿತ್ತು. ಮೇಲ್ತುದಿಯಲ್ಲಿ ಒಂದು ಸಣ್ಣ ಮಡಿಕೆ, ಥೇಟು ಲುಗಾನೊಳದು. ಆ ಕಿವಿ ನಡುಗುತ್ತಿತ್ತು. ಅವಳು ಯಾವಾಗ ದಾಟಿ ಹೋಗುತ್ತಾಳೆಂದು ಅವಳ ಹೆಜ್ಜೆಗೆ ಕಿವಿಗೊಟ್ಟು, ಉಸಿರು ಬಿಗಿಹಿಡಿದು ಮುದುಕರು ಕೂತಿದ್ದರು.

ಗೆದ್ದೆನೆಂದು ಅವಳಿಗೆ ಅನಿಸಲಿಲ್ಲ. ಇಷ್ಟು ಹೆದರಿಕೆ ಅವಳಿಗೆ ಬೆಳಿಗ್ಗೆಯಿಂದ ಆಗಿರಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಕ್ಯಂಗೊಂಡೆಯಲ್ಲಿ, ಚಿಂದಾಲಿಯಲ್ಲಿ, ನದಿಯಾಚೆಯವರ ಮಾತಿನಲ್ಲಿ ಹುಡುಕಿದಳು, ಚರಂಡಿಯಲ್ಲಿ ಕೂತ ಮಾವನಿಗೆ ಹೇಳುವ ಮಾತು ಯಾವುದರಲ್ಲೂ ಸಿಗಲಿಲ್ಲ. ಚಪ್ಪಲಿಯ ಸದ್ದು ಅವರಿಗೆ ಚೆನ್ನಾಗಿ ಕೇಳುವ ಹಾಗೆ ನೆಲಕ್ಕೆ ಒತ್ತಿ ಒತ್ತಿ ಅವಳು ಮನೆಯ ಕಡೆ ನಡೆದಳು.